ಕೊರವನ ನೆರೆಹೊರೆ

ಕೆರೆ ಕಟ್ಟಿಸಿದವರು ಮೀನನ್ನು ಲೆಕ್ಕಕ್ಕೆ ಹಿಡಿದವರಲ್ಲ. ವಿಜಯನಗರದ ರಾಜಕುಮಾರ ಭಾಸ್ಕರ ಭವದೂರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ತಟ್ಟಬಾರದ 6 ದೋಷಗಳನ್ನೂ ಎಣಿಸಿ ಹೇಳುತ್ತದೆ. ಧರ್ಮವರಿತ ದೊರೆ, ನೀರಿನ ಶಾಸ್ತ್ರ ಬಲ್ಲ ಬ್ರಾಹ್ಮಣ, ಗಟ್ಟಿ ಮಣ್ಣಿನ ನೆಲ, ಸಿಹಿನೀರಿನ ಹೊಳೆ, ಕಲ್ಲುಗಣಿ, ಕೆಲಸ ಬಲ್ಲ ಆಳುಗಳ ಪಡೆ ಎಲ್ಲವೂ ಆ ಪಟ್ಟಿಯಲ್ಲಿವೆ. ನೀರೊಳಗೆ ಯಾವ ಜೀವ ಇರಬೇಕೆಂಬ ಮಾತಿಲ್ಲ. ಮೀನು ತಾನಾಗಿ ಬಂದು ಸೇರುವ ಹುಟ್ಟುವಳಿ. ಅದು ದೊರೆಗೆ ಸೇರಿದ್ದೆಂದು ಅರ್ಥಶಾಸ್ತ್ರ ಹೇಳಿತು. ತಮಿಳುನಾಡಿನ ಕೆಲವು ಶಾಸನಗಳು ಮೀನಿನಿಂದ ಬಂದ ಹಣವನ್ನು ಕೆರೆಯ ದುರಸ್ತಿಗೇ ಬಿಟ್ಟುಕೊಟ್ಟವು. ಯಾವ ಮೀನಿನ ಜೊತೆ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆ ನಮ್ಮ ಕೆರೆಗಳ ಏರಿ ಹತ್ತಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಈಗ ಅದು ಮನೆಯ ಗಾಜಿನ ತೊಟ್ಟಿಗೂ ಬಂದಿದೆ. ಫ್ಲವರ್‌ಹಾರ್ನ್ ಅಥವಾ ಆಸ್ಕರ್ ಎಂಬ ಸಾಕುಮೀನು ಕೊಳ್ಳುವವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದೇ ಇದರ ಜೊತೆಗೆ ಇನ್ನೇನು ಬಿಡಬಹುದು ಎಂದು. ಆ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಇದೆ: ಕೆಲವು ಮೀನು ಹುಟ್ಟಾ ದುಷ್ಟ, ಕೆಲವು ಹುಟ್ಟಾ ಸಾಧು ಎಂಬುದು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ನೀರಿನ ಚರಿತ್ರೆ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಇಲ್ಲಿ ಯಾರ ಜೊತೆ ಯಾರು ಬಾಳಬೇಕೆಂದು ತೀರ್ಮಾನಿಸಿದ್ದು ಮೀನಿನ ಬಾಯಿಯ ಅಗಲ ಮತ್ತು ಕೆರೆಯಲ್ಲಿ ನೀರು ನಿಲ್ಲುವ ತಿಂಗಳುಗಳು. ಗುಣದ ಮಾತು ಹೊರಗಿನಿಂದ ಬಂತು, ಬಂದು ತಪ್ಪು ದಾರಿ ಹಿಡಿಸಿತು.

ಈ ಸೀಮೆಗೆ ಎರಡು ನೀರು. ಒಂದು ತುಂಗಭದ್ರೆ. ಹಲವಾಗಲು ಅದರ ಬಲದಂಡೆಯ ಊರು. ಆಚೆ ದಡ ರಾಣೆಬೆನ್ನೂರು ಸೀಮೆ. ಇನ್ನೊಂದು, ಹೊಳೆಯಿಂದ ಪೂರ್ವಕ್ಕೆ ಸರಿದಂತೆ ಒಣಗುತ್ತ ಹೋಗುವ ಎರೆ ಮತ್ತು ಮಸಾರಿ ನೆಲದ ಮಳೆನೀರಿನ ಕೆರೆಗಳು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಒಂದು ವರ್ಷ ಬಂದರೆ ಮತ್ತೊಂದು ವರ್ಷ ಕೈಕೊಡುವಂಥದ್ದು. 1876–78ರ ಬರ ಈ ತಾಲ್ಲೂಕುಗಳಿದ್ದ ಬಳ್ಳಾರಿ ಜಿಲ್ಲೆಯನ್ನು ಎಷ್ಟು ಹಿಂಡಿತೆಂಬುದು ಮದ್ರಾಸ್ ಸರ್ಕಾರದ ಕಡತಗಳಲ್ಲಿದೆ. ಹೊಳೆಯ ಮೀನೇ ಬೇರೆ, ಕೆರೆಯ ಮೀನೇ ಬೇರೆ ಆಗಿದ್ದದ್ದು ಈ ಕಾರಣಕ್ಕೆ. ಹೊಳೆಯಲ್ಲಿ ಕೆಮ್ಮೀನು, ಕಾಗೆ ಮೀನು, ಹರಗಿ ಎಂಬ ಗೆಂಡೆ ಜಾತಿಗಳೂ ಅವುಗಳನ್ನು ತಿಂದು ಬದುಕುವ ಬಾಳೆ ಮೀನೂ ಒಂದೇ ಮಡುವಿನಲ್ಲಿ ಸಾವಿರಾರು ವರ್ಷ ಬಾಳಿವೆ. ಕೆರೆಯಲ್ಲಿ ಆ ಸಂಸಾರ ಪೂರ್ತಿ ನಿಲ್ಲುತ್ತಿರಲಿಲ್ಲ.

ಹಳೆಯ ಕನ್ನಡನಾಡು ಮೀನನ್ನು ಹೇಗೆ ವಿಂಗಡಿಸುತ್ತಿತ್ತು ಎಂಬುದಕ್ಕೆ ಒಂದು ದೊಡ್ಡ ಸಾಕ್ಷಿ ಉಳಿದಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಹರಪನಹಳ್ಳಿಯ ಬಳಿಯ ಬಾಗಳಿ, ಹೊಳೆದಂಡೆಯ ಕುರುವತ್ತಿ ಮುಂತಾದ ಕಡೆ ಗುಡಿಗಳು ಎದ್ದದ್ದು ಈ ಮನೆತನದ ಆಳ್ವಿಕೆಯಲ್ಲಿ; ಈ ದೊರೆಯ ಅಜ್ಜ ಒಂದನೆಯ ಸೋಮೇಶ್ವರ ವಾಸಿಯಾಗದ ಕಾಯಿಲೆಯಿಂದ 1068ರಲ್ಲಿ ಇದೇ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ಮೊಮ್ಮಗ ನೀರಿನ ಕಡೆ ನೋಡಿದ್ದು ಗಾಳದ ಆಟಕ್ಕಾಗಿ. ಅವನು ಮೂವತ್ತಕ್ಕೂ ಮೀರಿದ ಬಗೆಯ ಮೀನುಗಳನ್ನು ಹೆಸರಿಸಿ, ಕಡಲಿನವು ಹೊಳೆಯವು, ಹುರುಪೆ ಇರುವವು ಇಲ್ಲದವು, ದೊಡ್ಡವು ಸಣ್ಣವು ಎಂದು ಬೇರೆ ಮಾಡಿ, ಯಾವುದಕ್ಕೆ ಯಾವ ಉಣಿಸು ಹಾಕಿ ಪಳಗಿಸಬೇಕೆಂದು ಹೇಳುತ್ತಾನೆ. ಸುಂದರಲಾಲ್ ಹೋರಾ ಎಂಬ ಮತ್ಸ್ಯವಿಜ್ಞಾನಿ 1951ರಲ್ಲಿ ಇದನ್ನು ಎತ್ತಿ ತೋರಿಸಿದ ಮೇಲೆ ವಿದ್ವಾಂಸರ ಕಣ್ಣು ಇತ್ತ ಹೊರಳಿತು. ಇಲ್ಲಿ ಗಮನಿಸಬೇಕಾದದ್ದು ವಿಂಗಡಣೆಯ ತತ್ತ್ವ. ನೆಲೆ, ಮೈ, ಗಾತ್ರ, ಆಹಾರ ಇವೇ ಅಳತೆಗೋಲು. ರಾಜ್ಯಶಾಸ್ತ್ರದವರು ಮತ್ಸ್ಯನ್ಯಾಯವೆಂದು ಹೆದರಿಸಿದ್ದೂ ಹೀಗೆಯೇ: ದೊಡ್ಡದು ಸಣ್ಣದನ್ನು ನುಂಗುತ್ತದೆ ಎಂದರೇ ಹೊರತು ಕೆಟ್ಟದ್ದು ಒಳ್ಳೆಯದನ್ನು ನುಂಗುತ್ತದೆ ಎನ್ನಲಿಲ್ಲ.

ಕೆರೆ ಬತ್ತಿದಾಗ ಏನಾಗುತ್ತದೆ ಎಂಬುದು ಮುಂದಿನ ಕಥೆಗೆಲ್ಲ ಬುನಾದಿ. ನೀರು ಇಳಿದು ಕೆಸರಾದಂತೆ ಕಿವಿರಿನಿಂದ ಮಾತ್ರ ಉಸಿರಾಡುವ ಮೀನು ಮೊದಲು ಸಾಯುತ್ತವೆ. ಕೊರವ ಎಂಬ ಬೇಟೆಗಾರ ಮೀನು ಹಾಗಲ್ಲ. ಅದರ ಕಿವಿರಿನ ಮೇಲ್ಗಡೆ ಗಾಳಿ ಹಿಡಿಯುವ ಪುಟ್ಟ ಕೋಣೆಯಿದೆ; ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು, ತಡೆದರೆ ನೀರಿನಲ್ಲೇ ಉಸಿರು ಕಟ್ಟಿ ಸಾಯುತ್ತದೆ. ಮಾಗೂರು ಮತ್ತು ಚೇಳುಮೀನಿಗೂ ಇಂಥದೇ ಅನುಕೂಲ. ಒದ್ದೆ ಕೆಸರಿನಲ್ಲಿ ಹೂತುಕೊಂಡು ಬೇಸಿಗೆ ಕಳೆದು, ಮೊದಲ ಹಳ್ಳ ಬಂದು ಕೆರೆ ತುಂಬಿದಾಗ ಎದ್ದು ಬರುವವು ಇವೇ. ಆದ್ದರಿಂದ ಈ ಒಣ ತಾಲ್ಲೂಕುಗಳಲ್ಲಿ ಹೊಸ ನೀರಿಗೆ ಮೊದಲ ಒಡೆಯರು ಬೇಟೆಗಾರ ಮೀನುಗಳಾದದ್ದು ಅವುಗಳ ಶೌರ್ಯದಿಂದಲ್ಲ, ಉಸಿರಿನಿಂದ. ಅವುಗಳಿಗೆ ಜೊತೆಯಾಗಿ ಬಂದದ್ದು ಹಳ್ಳದಿಂದ ಹತ್ತಿದ ಪಕ್ಕೆ ಮುಂತಾದ ಕಿರುಮೀನು, ಕಪ್ಪೆ ಮರಿ, ನೀರುಹುಳು. ಕೊರವ ಅವನ್ನು ತಿಂದು ಬೆಳೆಯಿತು. ಬೆಸ್ತರೂ ಅಂಬಿಗರೂ ಕೊರವನನ್ನು ಹಿಡಿದರು. ಕೆರೆ ಬತ್ತಿದಾಗ ಊರೆಲ್ಲ ಇಳಿದು ಕೆಸರು ಕೆದಕಿತು. ಬೆರಳೆಣಿಕೆಯಷ್ಟು ಕೊರವ ಉಳಿದರೆ ಮುಂದಿನ ವರ್ಷಕ್ಕೆ ಸಾಕಾಗುತ್ತಿತ್ತು. ಯಾರೂ ಆರಿಸದೆಯೇ ಆರಿಸಿದ ನೆರೆಹೊರೆ ಇದು. ಹೆಚ್ಚು ಇಳುವರಿಯದಂತೂ ಅಲ್ಲ, ಆದರೆ ಖರ್ಚಿಲ್ಲದ್ದು.

ಕೊರವ ಕ್ರೂರಿ ಎಂಬ ಹೆಸರಿಗೆ ಕಾರಣವೇ ಇಲ್ಲವೆಂದು ಹೇಳುತ್ತಿಲ್ಲ. ಮಳೆಗಾಲದಲ್ಲಿ ಅದು ಕಳೆಯ ನಡುವೆ ಮೊಟ್ಟೆಯಿಟ್ಟು, ಕೆಂಪಗೆ ಗುಂಪುಗಟ್ಟಿ ತೇಲುವ ಮರಿಗಳ ಕೆಳಗೇ ಕಾವಲು ನಿಲ್ಲುತ್ತದೆ; ಹತ್ತಿರ ಸುಳಿದದ್ದರ ಮೇಲೆಲ್ಲ ಎರಗುತ್ತದೆ. ಮೀನು ಹಿಡಿಯುವವರು ಆ ಕೆಂಪು ಗುಂಪನ್ನೇ ಗುರುತಾಗಿಟ್ಟು ತಾಯ್ತಂದೆಯನ್ನು ಹಿಡಿಯುವುದುಂಟು. ಆದರೆ ಇದು ಹಸಿವಿನ ಬೇಟೆಯಲ್ಲ, ಜಾಗದ ಜಗಳ. ಎರಡನ್ನೂ ಒಂದೇ ಎಂದು ತಿಳಿದದ್ದರಿಂದ ಬಹಳ ಗೊಂದಲವಾಗಿದೆ. ಆಸ್ಟ್ರಿಯದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1963ರಲ್ಲಿ ಪ್ರಕಟಿಸಿದ ಆಕ್ರಮಣಶೀಲತೆಯ ಪುಸ್ತಕವನ್ನು ಹವಳದಿಬ್ಬದ ಮೀನುಗಳಿಂದಲೇ ಶುರುಮಾಡುತ್ತಾನೆ. ತೊಟ್ಟಿಯಲ್ಲಿ ಅವು ಅತಿ ಹೆಚ್ಚು ಹೊಡೆದಾಡಿದ್ದು ತಮ್ಮದೇ ಜಾತಿಯ, ತಮ್ಮದೇ ಬಣ್ಣದ ಮೀನಿನೊಡನೆ; ಬೇರೆ ಜಾತಿಯನ್ನು ಬಹುಪಾಲು ಗಣಿಸಲೇ ಇಲ್ಲ. ಬೇಟೆಗೆ ನಿಯಮ ಬೇರೆ: ಬಾಯಿಗೆ ಹಿಡಿಸುವುದೆಲ್ಲ ಊಟ, ಹಿಡಿಸದ್ದು ನೆರೆಯವ. ಕೊರವನ ಮರಿಗಳನ್ನು ಸಾಕುವವರಿಗೆ ಇದು ದಿನನಿತ್ಯದ ಪಾಠ. ಒಂದೇ ಹೆರಿಗೆಯ ಮರಿಗಳಲ್ಲಿ ಕೆಲವು ಬೇಗ ಬೆಳೆದರೆ ಅವು ಹಿಂದುಳಿದ ಒಡಹುಟ್ಟುಗಳನ್ನೇ ನುಂಗುತ್ತವೆ. ಆಗಾಗ ಗಾತ್ರ ನೋಡಿ ಬೇರೆ ಮಾಡದಿದ್ದರೆ ಕೊಳದಲ್ಲಿ ಉಳಿಯುವುದು ಕೆಲವೇ ಕೊಬ್ಬಿದ ಮೀನು. ಸಮಗಾತ್ರದ ಕೊರವ ಕೊರವನೊಡನೆ ಬಾಳುತ್ತದೆ, ಅರೆಗಾತ್ರದ ತಮ್ಮನೊಡನೆ ಬಾಳುವುದಿಲ್ಲ. ಹುಟ್ಟುಗುಣದ ವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ.

ವಸಾಹತು ಸರ್ಕಾರ ಮೀನಿನ ಕಡೆ ತಿರುಗಿದ್ದು 1870ರ ಸುಮಾರಿಗೆ. ಮದ್ರಾಸಿನ ಸೇನಾ ವೈದ್ಯ ಫ್ರಾನ್ಸಿಸ್ ಡೇ 1873ರಲ್ಲಿ ಸಿಹಿನೀರಿನ ಮೀನುಗಾರಿಕೆಯ ವರದಿ ಕೊಟ್ಟ. ಅವನ ದೂರು ಮೀನಿನ ಮೇಲೆ ಇರಲಿಲ್ಲ, ಮನುಷ್ಯರ ಮೇಲಿತ್ತು. ಸಣ್ಣ ಕಣ್ಣಿನ ಬಲೆ, ಒಡ್ಡು, ವಿಷ ಇವು ಮರಿಗಳನ್ನೇ ಬಳಿದುಹಾಕುತ್ತಿವೆ ಎಂದ. 1897ರ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷವನ್ನು ನಿಷೇಧಿಸಿತು. ಯಾವ ಮೀನನ್ನು ಯಾವುದರ ಜೊತೆ ಬಿಡಬೇಕೆಂಬ ಯೋಚನೆ ಬೆಂಗಳೂರಿಗೆ ಬೇರೊಂದು ಬಾಗಿಲಿನಿಂದ ಬಂತು: ಮಲೇರಿಯ. ಸೊಳ್ಳೆಮರಿ ತಿನ್ನಿಸಲು 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾ ತರಿಸಿದರು. ಬೆರಳುದ್ದವೂ ಇಲ್ಲದ ಈ ಮೀನು ಸಾಧುವಿನಂತೆ ಕಾಣುತ್ತದೆ. ಆದರೆ ಬೇರೆ ಮೀನುಗಳ ಮೊಟ್ಟೆಯನ್ನೂ ಆಗತಾನೆ ಹೊರಬಂದ ಮರಿಯನ್ನೂ ತಿನ್ನುತ್ತದೆ, ತನಗಿಂತ ದೊಡ್ಡದರ ರೆಕ್ಕೆಯನ್ನು ಕಚ್ಚಿ ಹರಿಯುತ್ತದೆ. ಗಾತ್ರದ ವಾದಕ್ಕೆ ಇದು ಅಪವಾದವೆಂದು ತೋರಬಹುದು. ಅಪವಾದವಲ್ಲ: ಮೊಟ್ಟೆಯ ಮುಂದೆ ಗ್ಯಾಂಬೂಸಿಯಾ ಕೂಡ ರಾಕ್ಷಸನೇ. ಯಾವ ವಯಸ್ಸಿನ ಜೊತೆಗಾರ ಎಂದು ಕೇಳದೆ ಯಾವ ಜಾತಿಯ ಜೊತೆಗಾರ ಎಂದು ಕೇಳಿದರೆ ಉತ್ತರ ತಪ್ಪುತ್ತದೆ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹೊಸಪೇಟೆಯ ಅಣೆಕಟ್ಟಿನ ಹಿಂದೆ ತುಂಗಭದ್ರೆಯ ನೀರು ನಿಂತದ್ದೂ ಅದೇ ವರ್ಷ. ಪೂರ್ತಿ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಹೊಲ ಊರುಗಳನ್ನು ಮುಳುಗಿಸಿತು. ಹೊಳೆಯ ಹಳೆಯ ನೆರೆಹೊರೆ ಇದ್ದಕ್ಕಿದ್ದಂತೆ ನಿಂತ ನೀರಿಗೆ ಬಿತ್ತು. ಎ. ಡೇವಿಡ್ ಮತ್ತು ಸಂಗಡಿಗರು ಈ ಜಲಾಶಯದ ನೀರು ಮತ್ತು ಮೀನಿನ ಬಗ್ಗೆ 1969ರಲ್ಲಿ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಕಟಣೆಯಾಗಿ ವಿವರವಾದ ವರದಿ ಕೊಟ್ಟರು. ಬಾಳೆ, ಶಿಂಗಾಲದಂಥ ಹುರುಪೆಯಿಲ್ಲದ ಬೇಟೆಗಾರರ ಪಾಲು ಬಲೆಯಲ್ಲಿ ದೊಡ್ಡದಾಗಿತ್ತು. ಮೊದಮೊದಲು ಸಾಕಷ್ಟು ಸಿಗುತ್ತಿದ್ದ, ನೀರಿನ ಕಳೆ ಮೇಯುವ ಹರಗಿ ಮುಂದಿನ ದಶಕಗಳಲ್ಲಿ ಅಪರೂಪವಾಯಿತು. ಈಗ ಹೆಸರಘಟ್ಟದ ಸಂಶೋಧನಾ ಕೇಂದ್ರದಲ್ಲಿ ಅದರ ಮರಿ ಮಾಡಿಸುವ ಕೆಲಸ ನಡೆದಿದೆ. ಬಾಳೆಮೀನೇ ಹರಗಿಯನ್ನು ತಿಂದು ಮುಗಿಸಿತು ಎಂದು ದೂರುವುದು ಸುಲಭ. ಆದರೆ ಅವೆರಡೂ ಹೊಳೆಯಲ್ಲಿ ಒಟ್ಟಿಗೇ ಇದ್ದವಲ್ಲ? ಬದಲಾದದ್ದು ಬಾಳೆಯ ಗುಣವಲ್ಲ. ಹರಿವು ನಿಂತಿತು, ಬೇಸಿಗೆಯಲ್ಲಿ ನೀರು ಗಾವುದದಷ್ಟು ಹಿಂದೆ ಸರಿದು ದಡದ ಕಳೆ ಒಣಗತೊಡಗಿತು, ಮರಿ ಅಡಗುವ ತಾಣವೇ ಇಲ್ಲವಾಯಿತು. ಬಲೆಗಳೂ ಹೆಚ್ಚಿದವು.

ಇಷ್ಟರಲ್ಲಿ ಕೆರೆಗಳಿಗೆ ಹೊಸ ಶಾಸ್ತ್ರ ಬಂದಿತ್ತು, ಪೂರ್ವದಿಂದ. ಬಂಗಾಳದ ಪುಕುರ ಎಂಬ ಕೊಳಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಸಾಕುವುದು ಹಳೆಯ ಕಸುಬು. ಮರಿ ಮಾತ್ರ ಹೊಳೆಯಿಂದ ಹಿಡಿದು ತರಬೇಕಿತ್ತು. ಮತ್ಸ್ಯವಿಜ್ಞಾನಿ ಹೀರಾಲಾಲ್ ಚೌಧುರಿ 1957ರ ಜುಲೈ 10ರಂದು ಒಡಿಶಾದ ಅಂಗುಲಿನಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆಯಿಂದ ಮೊಟ್ಟೆ ಇಡಿಸಿದ ಮೇಲೆ ಆ ತೊಡಕು ಬಿಚ್ಚಿತು. 1959ರಲ್ಲಿ ಬೆಳ್ಳಿಗೆಂಡೆ, ಹುಲ್ಲುಗೆಂಡೆ ಬಂದವು. 1971ರಲ್ಲಿ ಮಿಶ್ರ ಮೀನು ಕೃಷಿಯ ಅಖಿಲ ಭಾರತ ಯೋಜನೆ ಶುರುವಾಯಿತು. ಅದರ ತರ್ಕ ಸೊಗಸಾದದ್ದು: ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತದೆ, 4:3:3ರ ಲೆಕ್ಕದಲ್ಲಿ ಬಿಟ್ಟರೆ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಹಾಕುವುದಿಲ್ಲ. ಜೊತೆಗಾರರನ್ನು ಆರಿಸುವ ವಿದ್ಯೆಯಲ್ಲಿ ನಮ್ಮ ದೇಶದಲ್ಲಿ ಆದ ಅತಿ ಒಳ್ಳೆಯ ಯೋಚನೆ ಇದು, ಇದರಲ್ಲಿ ಎರಡು ಮಾತಿಲ್ಲ. ತೊಂದರೆ ಇದ್ದದ್ದು ಅದರ ಮೊದಲ ಮೆಟ್ಟಿಲಿನಲ್ಲಿ. ಮರಿ ಬಿಡುವ ಮುನ್ನ ಮಾಂಸಾಹಾರಿ ಮೀನನ್ನೆಲ್ಲ ನಿರ್ಮೂಲ ಮಾಡಬೇಕು, ಅದಕ್ಕೆ ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2,500 ಕಿಲೋ ಇಪ್ಪೆ ಹಿಂಡಿ ಹಾಕಬೇಕು ಎಂಬುದು ನಿಯಮ. ಅರ್ಧ ಎಕರೆಯ ಪುಕುರಕ್ಕೆ ಇದು ಹೊಂದುತ್ತದೆ. 40 ಹೆಕ್ಟೇರಿನ ನಮ್ಮ ಕೆರೆಗೆ, ಮೀಟರ್ ಆಳವೇ ಎಂದಿಟ್ಟುಕೊಂಡರೂ, 100 ಟನ್ ಹಿಂಡಿ ಬೇಕು. ಅದೇ ನೀರನ್ನು ದನ ಕುಡಿಯಬೇಕು, ಅದೇ ತೂಬಿನಿಂದ ಗದ್ದೆಗೆ ಹೋಗಬೇಕು. ಹೀಗಾಗಿ ನಿಯಮ ಪುಸ್ತಕದಲ್ಲಿ ಉಳಿಯಿತು, ಕೊರವ ಕೆರೆಯಲ್ಲಿ ಉಳಿಯಿತು. ನಡುವೆ ಸಿಕ್ಕಿಕೊಂಡದ್ದು ಹುಣಸೆ ಎಲೆಯಷ್ಟು ಸಣ್ಣ ಗೆಂಡೆ ಮರಿ. ಲಕ್ಷಗಟ್ಟಲೆ ಬಿಟ್ಟರೂ ಮೀನಿಲ್ಲವೆಂದು ಗುತ್ತಿಗೆದಾರರು ಗೊಣಗಿದರೆ ಅಪವಾದ ಹೊತ್ತದ್ದು ಕೊರವ.

ಇಲ್ಲಿ ಎದುರು ವಾದ ಹೂಡುವವರ ಮಾತು ಹಗುರವಾದದ್ದಲ್ಲ. ಬೇಟೆಗಾರ ಮೀನು ಒಂದು ಕಿಲೋ ತೂಗಲು ಹಲವು ಕಿಲೋ ಮೀನು ತಿನ್ನಬೇಕು. ಅಷ್ಟನ್ನೂ ನಾವೇ ಹಿಡಿದಿದ್ದರೆ ಲಾಭವಲ್ಲವೇ ಎನ್ನುತ್ತಾರೆ. ವರ್ಷವಿಡೀ ನೀರಿದ್ದು, ಗೊಬ್ಬರ ಹಾಕಿ, ಮೇವು ಹಾಕಿ ಸಾಕುವ ಕೊಳದಲ್ಲಿ ಈ ಲೆಕ್ಕ ಸರಿ, ಅಲ್ಲಿ ಕೊರವನನ್ನು ಹೊರಗಿಡುವುದೇ ಜಾಣತನ. ಮಳೆಕೆರೆಯಲ್ಲಿ ಲೆಕ್ಕ ಬದಲಾಗುತ್ತದೆ. ಅಲ್ಲಿ ಕೊರವನ ಹೊಟ್ಟೆ ಸೇರುವುದರಲ್ಲಿ ಬಹುಪಾಲು ಸಂತೆಯಲ್ಲಿ ಬೆಲೆ ಬಾರದ ಕಿರುಮೀನು, ಕಪ್ಪೆಮರಿ, ಹುಳ. ಆ ಕಿರುಮೀನುಗಳೇ ಗೆಂಡೆಯ ಮೇವಿಗೆ ಪೈಪೋಟಿ. ನೀರು ಏಳೆಂಟು ತಿಂಗಳಿಗೇ ಇಳಿದು ಗೆಂಡೆ ಅರೆಬೆಳೆದು ಸಾಯುವ ವರ್ಷ ಕೊನೆಗೆ ಕೈಗೆ ಸಿಗುವುದು ಕೊರವನೇ. ಜೀವಂತ ಮಾರಬಹುದಾದ ಅದಕ್ಕೆ ಬೆಲೆಯೂ ಗೆಂಡೆಗಿಂತ ಮೇಲು. ಇನ್ನು ಮರಿ ನುಂಗುವ ಮಾತು. ಜಲಾಶಯಗಳಿಗೆ ಮರಿ ಬಿಡುವಾಗ ಕನಿಷ್ಠ 10 ಸೆಂಟಿಮೀಟರ್ ಬೆಳೆದವನ್ನೇ ಬಿಡಿ ಎಂದು ಸಂಶೋಧಕರೇ ಹೇಳುತ್ತ ಬಂದಿದ್ದಾರೆ. ಬಲಿತ ಮರಿ ಎಲ್ಲ ಬೇಟೆಗಾರರ ಬಾಯಿ ಮೀರುತ್ತದೆ ಎಂದಲ್ಲ. ಮೊಳದುದ್ದದ ಬಾಳೆಗೆ ಅದೂ ತುತ್ತೇ. ಆದರೆ ಕೆರೆ ಬತ್ತಿ ತುಂಬಿದ ಹೊಸದರಲ್ಲಿ ಅಂಥ ದೊಡ್ಡ ಬೇಟೆಗಾರರು ಇರುವುದು ಕಡಿಮೆ. ಹಿಂಡಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಮರಿಯನ್ನು ಬಲಿಸುವ ಪುಟ್ಟ ಕೊಳಕ್ಕೆ ಹಾಕಿದರೆ ಜಗಳವೇ ಅರ್ಧ ಮುಗಿಯುತ್ತದೆ. ಆಗದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಐದು ವರ್ಷದ ಗುತ್ತಿಗೆ, ಅದರೊಳಗೆ ಬರುವ ಒಂದೆರಡು ಬರ, ಮರಿಯನ್ನು ತೂಕದಿಂದಲ್ಲದೆ ತಲೆಯೆಣಿಕೆಯಿಂದ ಲೆಕ್ಕ ಬರೆಯುವ ಕಚೇರಿಯ ಪದ್ಧತಿ.

ಸಾಧು ಎಂದು ಕರೆತಂದ ಮೀನಿನ ಕಥೆಯನ್ನೂ ನೋಡಬೇಕು. ಮೊಜಾಂಬಿಕ್ ತಿಲಾಪಿಯಾ, ಸಂತೆಯ ಮಾತಿನಲ್ಲಿ ಜಿಲೇಬಿ, 1952ರಲ್ಲಿ ಸಿಂಹಳದಿಂದ ಭಾರತಕ್ಕೆ ಬಂತು. ಪಾಚಿ ಕಸ ತಿಂದು ಬದುಕುತ್ತದೆ, ಯಾರ ಗೊಡವೆಗೂ ಹೋಗುವುದಿಲ್ಲ ಎಂಬುದು ಅದರ ಅರ್ಹತೆಯಾಗಿತ್ತು. ಎರಡು ಮೂರು ತಿಂಗಳಿಗೇ ಮೊಟ್ಟೆಗೆ ಬಂದು, ಮರಿಗಳನ್ನು ಬಾಯಲ್ಲಿಟ್ಟು ಕಾಪಾಡಿ, ಕೆರೆ ತುಂಬ ಅಂಗೈಯಗಲ ಮೀರದ ಸಂತತಿ ಹರಡಿತು. 1959ರಲ್ಲಿ ಅದನ್ನು ಹೊಸ ನೀರಿಗೆ ಬಿಡಕೂಡದೆಂದು ನಿಷೇಧಿಸುವ ಹೊತ್ತಿಗೆ ತಡವಾಗಿತ್ತು. ಯಾರನ್ನೂ ನುಂಗದೆ ಎಲ್ಲರ ಮೇವನ್ನೂ ಮುಗಿಸುವ ಈ ಜೊತೆಗಾರನನ್ನು ಹದ್ದಿನಲ್ಲಿಡಲು ಏಷ್ಯಾದ ಹಲವು ಕಡೆ ಕೊಳಗಾರರು ಬಿಟ್ಟದ್ದು ಕೊರವನನ್ನೇ, ಜಿಲೇಬಿಯ ಮರಿ ತಿನ್ನಲೆಂದು. ಹಾಗಾದರೆ ಎಲ್ಲ ಬೇಟೆಗಾರರೂ ಒಳ್ಳೆಯವರೇ, ಆಫ್ರಿಕನ್ ಕ್ಯಾಟ್‌ಫಿಶ್ಶನ್ನೂ ಒಪ್ಪುತ್ತೀರಾ ಎಂದು ಕೇಳುವವರಿದ್ದಾರೆ. ಒಪ್ಪಲಾಗದು, ಮತ್ತು ಅದಕ್ಕೆ ಕಾರಣವೂ ಗುಣವಲ್ಲ. ಅದು ನಮ್ಮ ಮಾಗೂರಿನಂತೆಯೇ ಗಾಳಿ ಕುಡಿದು ಕೆಸರಿನಲ್ಲಿ ಬದುಕುತ್ತದೆ, ಆದರೆ ಅದಕ್ಕಿಂತ ಎಷ್ಟೋ ಪಾಲು ಬೇಗ, ಎಷ್ಟೋ ಪಾಲು ದೊಡ್ಡದಾಗಿ ಬೆಳೆಯುತ್ತದೆ. ಬರ ನಮ್ಮ ಬೇಟೆಗಾರರಿಗೆ ಹಾಕುತ್ತಿದ್ದ ಗಾತ್ರದ ಮಿತಿ ಅದಕ್ಕೆ ತಗಲುವುದಿಲ್ಲ. ಕೇಂದ್ರ ಸರ್ಕಾರ 2000ದಲ್ಲಿ ಅದರ ಸಾಕಣೆಯನ್ನು ನಿಷೇಧಿಸಿತು. ಕದ್ದುಮುಚ್ಚಿ ಸಾಕುವುದು ನಿಂತಿಲ್ಲ.

ಗಾಜಿನ ತೊಟ್ಟಿಯಲ್ಲಿ ಬರವೂ ಇಲ್ಲ, ಬೆಸ್ತರೂ ಇಲ್ಲ. ಲಂಡನ್ನಿನ ಮೃಗಾಲಯ 1853ರಲ್ಲಿ ಮೀನಿನ ಮನೆ ತೆರೆದಾಗಿನಿಂದ, ನಮ್ಮಲ್ಲಿ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ ಬಾಗಿಲು ತೆರೆದಾಗಿನಿಂದ, ಜನ ಮೀನನ್ನು ಪಕ್ಕದಿಂದ ನೋಡುತ್ತಿದ್ದಾರೆ. ಅಡಗಲು ಎಡೆಯಿಲ್ಲದ ಪೆಟ್ಟಿಗೆಯಲ್ಲಿ ನಡೆದದ್ದನ್ನೆಲ್ಲ ಮೀನಿನ ಸ್ವಭಾವವೆಂದು ತಿಳಿಯುವ ರೂಢಿ ಅಲ್ಲಿಂದ ಬಂದದ್ದಿರಬೇಕು. ಅನುಭವಿ ಸಾಕಣೆದಾರರು ಮಾಡುವುದು ನೋಡಿದರೆ ಅವರೂ ಒಳಗೊಳಗೇ ಬೇರೆ ಮಾತನ್ನೇ ನಂಬಿದ್ದಾರೆ: ಸಮಗಾತ್ರದವನ್ನು ಆರಿಸುತ್ತಾರೆ, ಕಲ್ಲಿಟ್ಟು ನೋಟ ಮರೆಮಾಡುತ್ತಾರೆ, ಮೇಲ್ನೀರಿನದನ್ನೂ ತಳದ್ದನ್ನೂ ಕೂಡಿಸುತ್ತಾರೆ, ಒಡೆಯ ಮೀನನ್ನು ಕೊನೆಗೆ ಬಿಡುತ್ತಾರೆ.

ಆ ಕೊನೆಯ ಉಪಾಯ, ಯಾರನ್ನು ಮೊದಲು ಯಾರನ್ನು ಆಮೇಲೆ ಎಂಬುದು, ಈಗ ಈ ಐದು ತಾಲ್ಲೂಕುಗಳಿಗೂ ಬಂದು ನಿಂತಿದೆ. ತುಂಗಭದ್ರೆಯ ನೀರನ್ನು ಪಂಪಿನಿಂದೆತ್ತಿ ಕೊಳವೆಯಲ್ಲಿ ಹಾಯಿಸಿ ಮಳೆಕೆರೆಗಳನ್ನು ತುಂಬಿಸುವ ಯೋಜನೆಗಳು ಇಲ್ಲಿ ಕಾಲಿಟ್ಟಿವೆ. ಬತ್ತುತ್ತಿದ್ದ ಕೆರೆ ಬತ್ತದಂತಾದರೆ ಕೆಸರಿನಲ್ಲಿ ಉಸಿರಾಡುವ ವಿದ್ಯೆಗೆ ಬೆಲೆ ಇಳಿಯುತ್ತದೆ. ಗೆಂಡೆ ಎರಡು ವರ್ಷ ನಿಂತು ಬೆಳೆಯಬಹುದು, ಕೊರವನೂ ಬೆಳೆಯಬಹುದು, ಹೊಳೆನೀರಿನೊಡನೆ ಬಂದರೆ ಬಾಳೆಯ ಮರಿಯೂ ಉಳಿದು ಮೊಳದುದ್ದವಾಗಬಹುದು. ನೀರೆತ್ತುವುದು ಹೊಳೆ ತುಂಬಿ ಹರಿಯುವ ಮಳೆಗಾಲದಲ್ಲಿ. ಮೀನುಮರಿ ಬಿತ್ತನೆಯೂ ಅದೇ ತಿಂಗಳುಗಳಲ್ಲಿ. ನೀರು ಬಿಡುವುದು ನೀರಾವರಿ ಕಚೇರಿ, ಮರಿ ಬಿಡುವುದು ಮೀನುಗಾರಿಕೆ ಕಚೇರಿ ಅಥವಾ ಪಂಚಾಯ್ತಿಯಿಂದ ಕೆರೆ ಹಿಡಿದ ಗುತ್ತಿಗೆದಾರ. ಹರಪನಹಳ್ಳಿ ತಾಲ್ಲೂಕೊಂದೇ 1997ರಿಂದೀಚೆಗೆ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಎಂದು ಮೂರು ಜಿಲ್ಲಾ ಕಚೇರಿಗಳನ್ನು ಕಂಡಿದೆ. ಎರಡು ಇಲಾಖೆಗಳ ದಿನಾಂಕ ಕೂಡಿಸುವುದು ಯಾರ ಕೆಲಸವೆಂಬುದು ಯಾವ ಕಡತದಲ್ಲೂ ಸುಲಭಕ್ಕೆ ನಿಲ್ಲದು. ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ನೀರು ಮುಂಗಾರಿನಲ್ಲೇ ಬಿಟ್ಟು, ಬಲಿತ ಮರಿಯನ್ನು ಆಮೇಲೆ ಬಿಟ್ಟರೆ ಒಂದು ನೆರೆಹೊರೆ ಹುಟ್ಟುತ್ತದೆ. ಸಣ್ಣ ಮರಿಯನ್ನು ಮೊದಲು ಸುರಿದು ಅದರ ಮೇಲೆ ಹೊಳೆಯನ್ನು ತಿರುಗಿಸಿದರೆ ಇನ್ನೊಂದು.